ಮೇಲುಕೀಳಿನ ಮೂಲ ಕುರಿತು ಮೊಮ್ಮಗಳಿಗೆ

ಬಸವಕಲ್ಯಾಣ

ಚಿರಂಜೀವಿ ಮೊಮ್ಮಗಳಿಗೆ ನಿನ್ನ ಮುತ್ಯಾನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಿನ್ನ ಪತ್ರದ ಒಂದು ಮಾತು ಮನಸ್ಸಿನಿಂದ ಹೋಗಲೊಲ್ಲದು, ಅದಕ್ಕೇ ಬರೆಯುತ್ತಿದ್ದೇನೆ. ಸಮಾಜ ಕಟ್ಟುವ ಮೊದಲು ಮನುಷ್ಯರು ಹೆಚ್ಚುಕಡಿಮೆ ಸಮಾನರಾಗಿದ್ದ ನಿಸರ್ಗಸ್ಥಿತಿ ಬಹುಶಃ ಎಂದೂ ಇರಲಿಲ್ಲವೆಂದು ಫ್ರೆಂಚಿನಲ್ಲಿ ಬರೆದ ಚಿಂತಕ ರೂಸೋನೇ ಒಪ್ಪಿದ ಮೇಲೆ ಮೇಲುಕೀಳೇ ಮನುಷ್ಯನ ಸಹಜ ಗುಣವಲ್ಲವೇ ಎಂದು ಕೇಳಿರುವೆ.

ಅಸಮಾನತೆಯ ಮೂಲ ಕುರಿತು 1755ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು ಹಾಗೆ ಬರೆದದ್ದು ನಿಜ. ಅದರ ಬೆನ್ನಿಗೇ, ಇಂದಿನ ನಮ್ಮ ಸ್ಥಿತಿಯನ್ನು ಸರಿಯಾಗಿ ಅಳೆಯಲು ಅಂಥದೊಂದು ಕಲ್ಪನೆ ಬೇಕೇ ಬೇಕು ಎಂದೂ ಹೇಳಿದ್ದಾನೆ. ಅವನ ಪ್ರಕಾರ ವಯಸ್ಸು, ಆರೋಗ್ಯ, ಮೈಬಲ, ಬುದ್ಧಿಗಳ ವ್ಯತ್ಯಾಸ ನಿಸರ್ಗದ್ದು. ಸಂಪತ್ತು, ಗೌರವ, ಅಧಿಕಾರಗಳ ವ್ಯತ್ಯಾಸ ಮನುಷ್ಯರ ಒಪ್ಪಿಗೆಯಿಂದ ನಿಂತದ್ದು. ನೆಲಕ್ಕೆ ಬೇಲಿ ಹಾಕಿ ‘ಇದು ನನ್ನದು’ ಎಂದವನೊಬ್ಬನೇ ಸಾಲದು, ಅದನ್ನು ನಂಬುವವರೂ ಬೇಕಿತ್ತು ಎಂಬ ಮಾತನ್ನು ನೀನು ಓದಿಯೂ ದಾಟಿ ಹೋದೆಯೇನೋ.

ನಾನು ಹುಡುಗನಾಗಿದ್ದಾಗ ಜೋಳದ ಕಣಕ್ಕೆ ಕಾಲಿಟ್ಟರೆ ಸಾಕು, ಒಬ್ಬ ಮುದುಕ ಎದ್ದು ನಿಲ್ಲುತ್ತಿದ್ದ. ಊರಿನಲ್ಲಿ ಅವನಷ್ಟು ಚುರುಕಾಗಿ ಜೋಳ ಕೊಯ್ಯುವವರಿರಲಿಲ್ಲ. ರಾಶಿ ಅಳೆದು ಮುಗಿದ ಮೇಲೆ ತಳದಲ್ಲಿ ಉಳಿದ ಮಣ್ಣು ಬೆರೆತ ಕಾಳನ್ನು, ಕೈ ತಾಗದಂತೆ ಎತ್ತರದಿಂದ, ಅವನು ಒಡ್ಡಿದ ದೋತರದ ಅಂಚಿಗೆ ಸುರಿಯುತ್ತಿದ್ದರು. ಮೈಬಲದ ಲೆಕ್ಕವೇ ನಡೆಯುವುದಾಗಿದ್ದರೆ ರಾಶಿಯ ಮೊದಲ ಪಾಲು ಅವನದಾಗಬೇಕಿತ್ತು. ಮಗು ಮುದುಕನನ್ನು ಆಳುವುದು ನಿಸರ್ಗದ ನಿಯಮಕ್ಕೆ ವಿರುದ್ಧವೆಂದು ರೂಸೋ ಪ್ರಬಂಧದ ಕೊನೆಯಲ್ಲಿ ಬರೆದದ್ದನ್ನು ಓದಿದಾಗ ಆ ಕಣವೇ ಕಣ್ಣಿಗೆ ಕಟ್ಟಿತು. ಎದ್ದು ನಿಂತಾಗ ಅವನ ಮನಸ್ಸಿನಲ್ಲಿ ಏನಿರುತ್ತಿತ್ತೆಂದು ಕೇಳುವ ತಿಳಿವಳಿಕೆ ನನಗೆ ಬರುವಷ್ಟರಲ್ಲಿ ಅವನು ತೀರಿಹೋಗಿದ್ದ. ಆ ಕೊರಗು ಇಂದಿಗೂ ಇದೆ.

ಮೇಲುಕೀಳು ಅಳಿಸಲು ಹೊರಟ ಬಸವಣ್ಣನವರ ಕಲ್ಯಾಣವೂ ಸೋತಿತಲ್ಲವೇ, ಇದು ಹೋಗುವುದೇ ಇಲ್ಲವೇನೋ ಎಂಬ ಭಯವನ್ನೂ ಬರೆದಿರುವೆ. 12ನೆಯ ಶತಮಾನದಲ್ಲಿ ಇದೇ ನೆಲದಲ್ಲಿ ಚಮ್ಮಾರ ಕುಲದ ಹರಳಯ್ಯ, ಬ್ರಾಹ್ಮಣ ಕುಲದ ಮಧುವರಸರು ಜಾತಿ ಮೀರಿ ತಮ್ಮ ಮಕ್ಕಳ ಮದುವೆ ಮಾಡಿದ್ದಕ್ಕಾಗಿ ಘೋರ ಶಿಕ್ಷೆಗೆ ಗುರಿಯಾದರೆಂದು ಶರಣ ಪರಂಪರೆ ನೆನೆಯುತ್ತದೆ. ಮೇಲುಕೀಳು ಹುಟ್ಟುಗುಣವೇ ಆಗಿದ್ದರೆ ಅದನ್ನು ಕಾಯಲು ಅಷ್ಟು ಕ್ರೌರ್ಯ ಏಕೆ ಬೇಕಾಯಿತು, ಮಗಳೇ? ನೀರು ಇಳಿಜಾರಿಗೆ ಹರಿಯಲು ಯಾವ ರಾಜನ ಸೈನ್ಯವೂ ಬೇಕಿಲ್ಲ.

ಹೀಗೇ ಮಾಡು ಎಂದು ಹೇಳಲು ನನಗೆ ಸಂಕೋಚವಾಗುತ್ತದೆ. ಸಾಧ್ಯವಾದರೆ ಅಂಬೇಡ್ಕರರ 1936ರ ‘ಜಾತಿ ವಿನಾಶ’ವನ್ನು ಜೊತೆಗಿಟ್ಟುಕೊಂಡು ಓದು; ಶ್ರೇಣೀಕೃತ ವ್ಯವಸ್ಥೆಯಲ್ಲಿ ತನಗಿಂತ ಕೆಳಗೊಬ್ಬನಿದ್ದಾನೆಂಬ ಹೆಮ್ಮೆ ಇರುವುದರಿಂದ ಎಲ್ಲರೂ ಕೂಡಿ ಅದನ್ನು ಎದುರಿಸುವುದು ಕಷ್ಟವೆಂಬುದನ್ನು ಅಲ್ಲಿ ಕಾಣುವೆ. ಭಯ ಹೆಚ್ಚಾದಾಗ ಹಾಸ್ಟೆಲಿನಲ್ಲಿ ಒಬ್ಬಳೇ ಕೂಡಬೇಡ. ಪರೀಕ್ಷೆ ಮುಗಿಸಿ ಬಾ. ಕಬ್ಬಿಣ ಮತ್ತು ಬೇಸಾಯದಿಂದ ಅಸಮಾನತೆ ಬಲಿಯಿತೆಂಬ ರೂಸೋನ ವಾದವನ್ನು ಕೂಡಿ ಓದೋಣ, ಅಲ್ಲಿ ನನಗೂ ಒಂದು ಸಂಶಯವಿದೆ.

ಇಂತಿ,
ನಿನ್ನ ಮುತ್ಯಾ