ಹದಿನಾರು ಕಾಸಿನ ಋಣ

ಕಳೆದ ಶನಿವಾರ ಟೋಕಿಯೋದ ನಿಶಿ ಕಸಾಯಿಯ ಸಮುದಾಯ ಭವನದಲ್ಲಿ ಮೊಣಕಾಲೂರಿ ಕುಳಿತು ಹನ್ನೆರಡು ನಿಮಿಷ ರಾಕುಗೋ ಹೇಳಿದೆ. ಏಳುವಾಗ ಕಾಲು ಜೋಮು ಹಿಡಿದು ಮುಗ್ಗರಿಸಿದ್ದಕ್ಕೂ ಚಪ್ಪಾಳೆ ಬಿತ್ತು. ಆ ಗದ್ದಲದಲ್ಲಿ ಹೇಳದೆ ಉಳಿದ ಧನ್ಯವಾದ ಇದು.

ರಾಕುಗೋ ಎಂದರೆ ಒಬ್ಬರೇ ಕುಳಿತು ಹೇಳುವ ನಗೆಗಥೆ. ಪರಿಕರ ಎರಡೇ, ಬೀಸಣಿಗೆ ಮತ್ತು ಕೈವಸ್ತ್ರ. ಮುಖ ಒಂದು ಕಡೆ ತಿರುಗಿದರೆ ಗಿರಾಕಿ, ಇನ್ನೊಂದು ಕಡೆ ತಿರುಗಿದರೆ ಅಂಗಡಿಯವ. ನಮ್ಮ ಕರಾವಳಿಯವರಿಗೆ ಹೇಳುವುದಾದರೆ, ತಾಳಮದ್ದಲೆಯಲ್ಲಿ ಒಬ್ಬನೇ ಅರ್ಥಧಾರಿ ಕೃಷ್ಣನೂ ಕೌರವನೂ ಆದಂತೆ.

ಇಲ್ಲಿಗೆ ಬಂದಾಗ ಜಪಾನಿ ಭಾಷೆಯ ಮಧ್ಯಮ ಹಂತದ ಎನ್-3 ಪರೀಕ್ಷೆ ಪಾಸು ಮಾಡಿದ್ದ ನಾನು ತರಕಾರಿ ಅಂಗಡಿಯಲ್ಲಿ ಮೂಕಿಯಾಗಿದ್ದೆ. ವಾರಕ್ಕೊಮ್ಮೆ ಭಾಷೆ ಕಲಿಸಲು ಬರುತ್ತಿದ್ದ ನಿವೃತ್ತ ಹಿರಿಯರು ಒಂದು ದಿನ ಪುಸ್ತಕ ಮುಚ್ಚಿಸಿ ಎರಡು ಸಾಲಿನ ನಗೆಹನಿ ಕೊಟ್ಟರು. "ಪಕ್ಕದ ಮನೆಗೆ ಆವರಣ ಕಟ್ಟಿದರಂತೆ." "ಹೇ!" ಜಪಾನಿ ಭಾಷೆಯಲ್ಲಿ ಹೇ ಎಂದರೆ ಕಾಂಪೌಂಡು ಗೋಡೆ, ಹೇ ಎಂದರೆ "ಹೌದಾ" ಎಂಬ ಉದ್ಗಾರವೂ ಹೌದು. ನಾನು ಥಟ್ಟನೆ ಹೇ ಎಂದೆ. ಯಾರೂ ನಗಲಿಲ್ಲ. ಮುಂದೆ ಕುಳಿತಿದ್ದ ಅಜ್ಜಿ, "ನೀನು ಉತ್ತರ ಒಪ್ಪಿಸುತ್ತಿದ್ದೀಯೆ, ಸುದ್ದಿ ಕೇಳಿದವಳಂತಿಲ್ಲ" ಎಂದರು. ಆ ಒಂದು "ಹೇ" ಕಲಿಯಲು ಮೂರು ಶನಿವಾರ ಹಿಡಿಯಿತು. ಅಜ್ಜಿ, ಅಂದು ಮರ್ಯಾದೆಗಾಗಿಯೂ ನಗದಿದ್ದುದಕ್ಕೆ ನಿಮಗೆ ಮೊದಲ ನಮಸ್ಕಾರ.

ನಂತರ ಬಂದದ್ದು "ತೋಕಿ ಸೋಬಾ". ಎದೋ ಕಾಲದ, ಅಂದರೆ ಹದಿನೇಳರಿಂದ ಹತ್ತೊಂಬತ್ತನೇ ಶತಮಾನದ ನಡುವಿನ ಜಪಾನಿನ ಕಥೆ. ಹದಿನಾರು ಕಾಸಿನ ಸೋಬಾ, ಅಂದರೆ ಬಕ್‌ವೀಟ್ ಹಿಟ್ಟಿನ ಶ್ಯಾವಿಗೆ, ತಿಂದ ಗಿರಾಕಿ ನಡುರಾತ್ರಿ ದುಡ್ಡು ಎಣಿಸುತ್ತಾನೆ, ಎಂಟರವರೆಗೆ ಬಂದು "ಈಗ ಎಷ್ಟು ಹೊತ್ತು?" ಎನ್ನುತ್ತಾನೆ. ಅಂಗಡಿಯವ "ಒಂಬತ್ತು" ಎಂದೊಡನೆ ಹತ್ತರಿಂದ ಮುಂದುವರಿಸಿ ಒಂದು ಕಾಸು ಉಳಿಸುತ್ತಾನೆ. ಇದನ್ನು ಕಂಡ ಪೆದ್ದನೊಬ್ಬ ಮರುದಿನ ಬೇಗನೇ ಹೋಗುತ್ತಾನೆ. ಆಗ ಹೊತ್ತು "ನಾಲ್ಕು". ಎಂಟರವರೆಗೆ ಎಣಿಸಿದ್ದವನು ಮತ್ತೆ ಐದರಿಂದ ಎಣಿಸಿ ಕೈಸುಟ್ಟುಕೊಳ್ಳುತ್ತಾನೆ. ಎದೋ ಗಡಿಯಾರದಲ್ಲಿ ರಾತ್ರಿ ನಾಲ್ಕು ಮುಗಿದ ಮೇಲೆ ಒಂಬತ್ತು ಬರುತ್ತದೆ ಎಂದು ಅರಿಯಲು ನಮಗೆ ಒಂದು ಇಡೀ ತರಗತಿ ಬೇಕಾಯಿತು.

ಸಹಪಾಠಿಗಳಿಗೂ ಋಣಿ. ವಿಯೆಟ್ನಾಮಿನ ಹುಡುಗ ಅಂಗಡಿಯವನ ಕೂಗು ಹೊಂದಿಸಿಕೊಟ್ಟ, ನೇಪಾಳದ ಗೆಳತಿ ಕಠಿಣ ಪದಗಳನ್ನು ಹಗುರಮಾಡಿದಳು. ನನ್ನ ಪಾಲಿಗೆ ಬಂದದ್ದು ಸೋಬಾ ಹೀರುವ ಸದ್ದು. ಚಿಕ್ಕಂದಿನಲ್ಲಿ ಊಟದಲ್ಲಿ ಸದ್ದು ಮಾಡಿದರೆ ಅಮ್ಮ ಗುದ್ದುತ್ತಿದ್ದಳು, ಆದರೆ ಮದುವೆಮನೆಯ ಎಲೆಯಲ್ಲಿ ಪಾಯಸ ಹೀರುವಾಗ ಮಾತ್ರ ಮಾಫಿ. ಆ ಸೊರ್ರ್ ಎಂಬುದನ್ನೇ ಮಡಚಿದ ಬೀಸಣಿಗೆಯ ಚಾಪ್‌ಸ್ಟಿಕ್ ಹಿಂದೆ ಇಟ್ಟೆ. ಕಲಿಸುವವರೇ ನನ್ನಿಂದ ಅದನ್ನು ಕಲಿತರು. ನನ್ನ ಜೀವನದಲ್ಲಿ ಪಾಯಸಕ್ಕೆ ಇಷ್ಟು ಗೌರವ ಸಂದಿರಲಿಲ್ಲ.

ಪ್ರದರ್ಶನದ ದಿನ ಎಡವಟ್ಟಾಯಿತು. ಪೆದ್ದನ ಸರದಿಯಲ್ಲಿ "ಯೋತ್ಸು", ಅಂದರೆ ನಾಲ್ಕು, ಎಂದು ಅಂಗಡಿಯವನ ಬಾಯಲ್ಲಿ ಹೇಳಿಸಿದವಳು, ಅಭ್ಯಾಸಬಲದಿಂದ ಒಂಬತ್ತಕ್ಕೆ ಹಾರಿದೆ. ಕಥೆಯ ಕತ್ತೇ ಮುರಿಯಬೇಕಿತ್ತು. ಮೊದಲ ಸಾಲಿನಿಂದ ಅದೇ ಅಜ್ಜಿ "ಇತ್ಸು!" ಎಂದು ಐದನ್ನು ಕೂಗಿದರು, ನಾನು ಅಂಗಡಿಯವನತ್ತ ತಿರುಗಿ ಒಂದು ಕ್ಷಣ ತಡೆದು, "ಹೇ!" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು.

ಬೀಸಣಿಗೆ ಇನ್ನೂ ನನ್ನ ಚೀಲದಲ್ಲೇ ಇದೆ. ಬರುವ ಶನಿವಾರ ತಂದುಕೊಡುತ್ತೇನೆ.