ಸೀನಂಗೆ, ನಿನ್ನ ಸ್ಟೇಟಸ್ ನೋಡಿ ಬರ್ದಿದ್ದು

ಲೋ ಸೀನ,

ಮೊನ್ನೆ ರಾತ್ರಿ ನಿನ್ನ ವಾಟ್ಸಾಪ್ ಸ್ಟೇಟಸ್ ನೋಡ್ದೆ. 'ಡರ್' ಸಿನಿಮಾದ ಶಾರುಖ್ ಖಾನಿಂದು ಆ ಹಳೇ ಕ್ಲಿಪ್ಪು, ಹಿಂದೆ ಅದ್ರದ್ದೇ 'ಜಾದೂ ತೇರಿ ನಜರ್' ಹಾಡು, ಕೆಳಗೆ ನೀನು "ಇದು ಕಣ್ರೋ ಲವ್ ಅಂದ್ರೆ" ಅಂತ ಬರ್ದು ಎರಡು ಕೆಂಪು ಹಾರ್ಟು ಬೇರೆ. ಐವತ್ತರ ಹತ್ರ ಬಂದ್ವಲ್ಲೋ ಮಾರಾಯ, ಮಸ್ಕತ್ತಲ್ಲಿ ಕೂತು ಶುಗರ್ ಮಾತ್ರೆ ನುಂಗ್ತಾ ಇದೆಲ್ಲ ಬೇಕಾ ನಿಂಗೆ. ಒಂದು ಸಾಲು ರಿಪ್ಲೈ ಮಾಡೋಣ ಅಂತ ಶುರು ಮಾಡ್ದೆ, ಅದು ಬೆಳೀತಾ ಹೋಯ್ತು, ಹೋಗ್ಲಿ ಅಂತ ಕಾಗದನೇ ಬರೀತಿದೀನಿ. ಎಲ್ರಿಗೂ ಕಾಣೋ ಹಾಗೇ ಹಾಕ್ತಿದೀನಿ, ಹೆದರ್ಬೇಡ, ತುಮಕೂರಲ್ಲಿ ಸೀನಂದಿರಿಗೇನು ಬರಗಾಲನಾ.

ವಿಷ್ಯ ಏನಂದ್ರೆ, ನಿನ್ನ ಸ್ಟೇಟಸ್ ನೋಡಿದ ಮಾರನೇ ದಿನ ಭಾನುವಾರ, ಮನೇಲಿ ಮೂರೂ ಜನ ಕೂತು 'ಡರ್' ಪೂರ್ತಿ ನೋಡಿದ್ವಿ. ನಾನು, ನಮ್ಮನೆಯವ್ಳು, ಮಗಳು. ಎಷ್ಟೋ ವರ್ಷ ಆಗಿತ್ತು ನೋಡಿ. ನಾನೇ ದೊಡ್ಡದಾಗಿ ಬಿಲ್ಡಪ್ ಕೊಟ್ಟಿದ್ದೆ, ನೋಡು ಪುಟ್ಟಿ ಸಿನಿಮಾ ಅಂದ್ರೆ ಇದು, ನಾನೂ ನಿಮ್ಮ ಸೀನ ಅಂಕಲ್ಲೂ ಮೂರು ಸಲ ನೋಡಿದೀವಿ ಅಂತ.

ನಿಂಗೆ ಆ ಮೊದಲನೇ ಸಲ ನೆನಪಿದ್ಯಾ? ಬೆಂಗಳೂರಲ್ಲಿ 1993ರ ಡಿಸೆಂಬರ್ 24ಕ್ಕೇ ಬಂದಿತ್ತು, ನಮ್ಮೂರಿಗೆ ಬರೋ ಹೊತ್ತಿಗೆ ಪ್ರಿಂಟು ಅರ್ಧ ಸವೆದಿತ್ತು, ರೀಲು ರೀಲಿಗೂ ಮಳೆ ಸುರಿದಂಗೆ ಗೆರೆ. ಪೋಸ್ಟರ್ ನೋಡಿ ಜನ ಬಂದಿದ್ದೆಲ್ಲ ಸನ್ನಿ ಡಿಯೋಲ್‌ಗೆ. ಆಗಷ್ಟೇ 'ದಾಮಿನಿ' ನೋಡಿ ತಲೆ ಕೆಟ್ಟಿದ್ದ ಗುಂಪು ಅದು. ನಮ್ಮಿಬ್ರಿಗೆ ಜೂಹಿ ಚಾವ್ಲಾನೇ ಮುಖ್ಯ, ಯಾಕಂದ್ರೆ ನಮ್ಗೆ ಅವ್ಳು ಬಾಂಬೆ ಹೀರೋಯಿನ್ನೇ ಅಲ್ಲ, 'ಪ್ರೇಮಲೋಕ'ದ ಹುಡುಗಿ, ರವಿಚಂದ್ರನ್ ಪಕ್ಕ ನಿಂತಿದ್ದೋಳು, ಮನೆ ಮಗಳಿದ್ದಂಗೆ. ಶಾರುಖ್ ಅಂದ್ರೆ ದೂರದರ್ಶನದಲ್ಲಿ 'ಫೌಜಿ' ಮಾಡ್ತಿದ್ದ ಮೂಗುದ್ದದ ಹುಡುಗ ಅಷ್ಟೇ. ಅದಕ್ಕೂ ಆರು ವಾರ ಮುಂಚೆ ನವೆಂಬರ್ 12ಕ್ಕೆ 'ಬಾಜಿಗರ್' ಬಂದಿತ್ತಲ್ಲ, ಅದ್ರಲ್ಲಿ ಶಿಲ್ಪಾ ಶೆಟ್ಟೀನ ಬಿಲ್ಡಿಂಗ್ ಮೇಲಿಂದ ಹಿಂಗೆ ತಳ್ಳಿದಾಗ ಇಡೀ ಟಾಕೀಸು ಉಸಿರು ಕಟ್ಟಿತ್ತು, ಸೋಡಾ ಮಾರೋನೂ ನಿಂತು ನೋಡ್ತಿದ್ದ. ಹೀರೋ ಕೊಲೆ ಮಾಡೋದಾ ಅಂತ. ಆದ್ರೆ ಅದ್ರಲ್ಲಿ ಅಪ್ಪ ಅಮ್ಮನ ಸೇಡು ಇತ್ತು, ಒಂದು ನೆಪ ಇತ್ತು. ಡರ್‌ನಲ್ಲಿ ಯಾವ ನೆಪನೂ ಇಲ್ಲ. ಜೂಹಿ ಅಂದ್ರೆ ಕಿರಣ್, ಅವ್ಳು ಪ್ರೀತ್ಸೋದು ಸನ್ನೀನ; ಶಾರುಖ್ ಅಂದ್ರೆ ರಾಹುಲ್, ಅವ್ಳು ಬೇಡ ಅಂತಾಳೆ, ಇವ್ನು ಬಿಡಲ್ಲ, ಅಷ್ಟೇ ಕಥೆ.

ಆದ್ರೂ ಟಾಕೀಸಲ್ಲಿ ಆಗಿದ್ದೇನು? ಇಂಟರ್ವಲ್ ತನಕ ಸನ್ನಿಗೆ ವಿಷಲ್ಲು. ಆಮೇಲೆ ನಿಧಾನಕ್ಕೆ ಪರದೆ ಹತ್ರದ ಅಗ್ಗದ ಸೀಟಿನ ಗಾಂಧಿ ಕ್ಲಾಸ್ ಪಕ್ಷ ಬದಲಾಯಿಸ್ತು ಕಣೋ, ಯಾರೂ ಹೇಳ್ಕೊಟ್ಟಿಲ್ಲ, ತಾನೇ ತಾನಾಗಿ. ಕ..ಕ..ಕ..ಕಿರಣ್ ಅಂದಾಗೆಲ್ಲ ಮುಂದಿನ ಸಾಲಿಂದ ಇಡೀ ಗುಂಪು ಕ..ಕ..ಕ.. ಅಂತ ಜೊತೆಗೂಡಿಸ್ತು. ಎದೆ ಮೇಲೆ ಚಾಕಲ್ಲಿ ಅವ್ಳ ಹೆಸರು ಕೊರ್ಕೊಂಡಾಗ ಯಾರೋ ಪರದೆಗೆ ಕಾಸು ತೂರಿದ್ರು. ಸನ್ನಿಗೆ ಚೂರಿ ಹಾಕಿದಾಗ ವಿಷಲ್ ಹೊಡೆದ್ರಲ್ಲೋ, ಅವನಿಗೇ ಅಂತ ಟಿಕೆಟ್ ತಗೊಂಡು ಬಂದ ಜನಾನೇ! ಕೊನೇಲಿ ದೋಣಿ ಮೇಲೆ ರಾಹುಲ್ ಸತ್ತಾಗ ಒಬ್ರೂ ಚಪ್ಪಾಳೆ ತಟ್ಲಿಲ್ಲ. ಹಿಂದಿನ ಸೀಟಲ್ಲಿ ಯಾರೋ "ಬಿಟ್ಬಿಡೋ ಲೇ ಪಾಪ" ಅಂದಿದ್ದು ಇವತ್ತಿಗೂ ಕಿವೀಲಿದೆ. ನೀನಂತೂ ಲೈಟ್ ಹಾಕಿದ ಮೇಲೂ ಏಳ್ಲಿಲ್ಲ, ಕಸ ಗುಡಿಸೋ ಅಜ್ಜಿ ಬಂದು ಕಾಲೆತ್ತಪ್ಪ ಅನ್ನೋ ತನಕ.

ಸನ್ನಿ ಡಿಯೋಲ್‌ಗೆ ಶೂಟಿಂಗಲ್ಲೇ ಇದರ ವಾಸನೆ ಬಡಿದಿತ್ತಂತೆ. ನಾನು ಕಮಾಂಡೋ, ನಾನು ನೋಡ್ತಿರುವಾಗ್ಲೇ ಆ ಹುಡುಗ ಬಂದು ನಂಗೆ ಚುಚ್ಚೋದು ಹೆಂಗೆ ಅಂತ ಡೈರೆಕ್ಟರ್ ಯಶ್ ಚೋಪ್ರಾ ಜೊತೆ ವಾದಕ್ಕೆ ಬಿದ್ದು, ಸಿಟ್ಟಲ್ಲಿ ಜೇಬಿಗೆ ಕೈ ತುರುಕಿ ಪ್ಯಾಂಟ್ ಹರಿದಿದ್ದೂ ಗೊತ್ತಾಗ್ಲಿಲ್ಲ ಅಂತ ಆಮೇಲೆ ಅವ್ನೇ ಟಿವೀಲಿ ಹೇಳ್ಕೊಂಡಿದ್ದ. ಶಾರುಖ್ ಜೊತೆ ಹದಿನಾರು ವರ್ಷ ಮಾತಿಲ್ಲ. ಆಗ ನಾವು ನಕ್ಕಿದ್ವಿ, ಹೊಟ್ಟೆಕಿಚ್ಚು ಅಂತ. ಈಗ ಅನ್ಸುತ್ತೆ, ಮನುಷ್ಯ ಹೇಳಿದ್ದು ಸರಿಯಾಗೇ ಇತ್ತು. ಹಾಡು ಯಾರಿಗೆ ಕೊಟ್ಟಿದಾರೆ ನೋಡು. ಕ್ಯಾಮೆರಾ ಯಾರ ಕಣ್ಣಿಂದ ನೋಡುತ್ತೆ ನೋಡು. ಸತ್ತ ಅಮ್ಮನ ಜೊತೆ ಫೋನಲ್ಲಿ ಮಾತಾಡೋ ಸೀನ್ ಯಾರಿಗಿದೆ? ಸನ್ನಿಗೆ ಇರೋದು ಯೂನಿಫಾರ್ಮು, ಜೂಹಿಗೆ ಇರೋದು ಕಿರುಚಾಟ. ಆಮೀರ್ ಖಾನ್ ಮಾಡ್ಬೇಕಿದ್ದ ಪಾತ್ರ ಅದು, ಅವ್ನು ಮಾಡಿದ್ರೆ ನಾವು ಇಷ್ಟು ಅಳ್ತಿದ್ವೋ ಇಲ್ವೋ, ಆ ಹುಡುಗನ ನಟನೆ ಹಂಗಿತ್ತು, ಅದನ್ನ ಒಪ್ಪಲೇಬೇಕು.

ಸರಿ, ಭಾನುವಾರಕ್ಕೆ ಬರ್ತೀನಿ.

ಶುರುವಲ್ಲೇ ಮಗಳು ತಡೆದ್ಳು. ಶಿಮ್ಲಾದಲ್ಲಿ ಜಾದೂ ತೇರಿ ನಜರ್ ಬರುತ್ತಲ್ಲ, ಜೂಹಿ ಮರಗಳ ಮಧ್ಯೆ ನಗ್ತಾ ನಗ್ತಾ ಓಡ್ತಾಳೆ, ಹಾಡ್ತಿರೋನು ಕಾಣಲ್ಲ. ನಾನು ಸೋಫಾ ಮೇಲೆ ತಾಳ ಹಾಕ್ತಿದ್ದೆ. ಇವ್ಳು ರಿಮೋಟ್ ಒತ್ತಿ ನಿಲ್ಲಿಸಿ "ಅಪ್ಪ ಒಂದ್ನಿಮಿಷ, ಅವ್ಳು ಹುಡುಕ್ತಿರೋದು ಸನ್ನೀನ ಅಲ್ವಾ? ಹಾಡ್ತಿರೋನು ಇನ್ಯಾರೋ ಅಂತ ಅವ್ಳಿಗೆ ಗೊತ್ತೇ ಇಲ್ಲ" ಅಂದ್ಳು. ನಾನು ಹೂಂ ಅಂದೆ. ಅಷ್ಟೇ ಅಂದೆ, ಒಳಗೆ ಧಸಕ್ ಅಂತು. ಮೂರು ಸಲ ನೋಡಿದ್ವಲ್ಲೋ ನಾವು, ಆ ನಗು ಶಾರುಖ್‌ಗೇ ಅಂದ್ಕೊಂಡಿದ್ವಿ, ಒಳಗೊಳಗೆ ಅವ್ಳಿಗೂ ಇಷ್ಟ ಇದೆ ಅಂತ ನೀನು ಬಸ್ ಸ್ಟ್ಯಾಂಡಲ್ಲಿ ವಾದ ಮಾಡಿದ್ದೆ! ಆ ಹಾಡಿನ ಸಾಲೇ ಇದೆ, ನೀನು ಹೂಂ ಅನ್ನು ಊಹೂಂ ಅನ್ನು, ನೀನು ನನ್ನೋಳೇ ಅಂತ. ಶಿವ್-ಹರಿ ಟ್ಯೂನು, ಉದಿತ್ ನಾರಾಯಣ್ ಗಂಟಲು, ಆ ಜೇನಲ್ಲಿ ಅದ್ದಿ ಕೊಟ್ರೆ ಯಾರಿಗೆ ಗೊತ್ತಾಗುತ್ತೆ ಏನು ನುಂಗ್ತಿದೀವಿ ಅಂತ. ನಮ್ಗೆ ಹಿಂದೀನೂ ಅಷ್ಟಕ್ಕಷ್ಟೆ.

ಆಮೇಲೆ ಫೋನ್ ಸೀನು. ಲ್ಯಾಂಡ್‌ಲೈನ್ ರಿಂಗ್ ಆಗುತ್ತೆ, ಇವ್ಳು ಎತ್ತಿದ್ರೆ ಅವ್ನ ದನಿ. ಮಗಳಿಗೆ ಅರ್ಥನೇ ಆಗ್ಲಿಲ್ಲ, ನಂಬರ್ ಕಾಣ್ಸಲ್ವಾ, ಬ್ಲಾಕ್ ಮಾಡಕ್ಕಾಗಲ್ವಾ ಅಂತ. ಆಗ ಯಾರ ಫೋನು ಅಂತ ಎತ್ತಿದ ಮೇಲೇ ಗೊತ್ತಾಗ್ತಿದ್ದಿದ್ದು ಕಣಮ್ಮ ಅಂತ ನಾನು ಪಾಠ ಶುರು ಮಾಡೋಷ್ಟರಲ್ಲಿ, ಅಲ್ಲೇ ಕೂತು ಅವರೆಕಾಯಿ ಸುಲೀತಿದ್ದ ನಮ್ಮನೆಯವ್ಳು ತಲೆ ಎತ್ತದೆ ಮಾತಾಡಿದ್ಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಕೇಳಿರದ ಕಥೆ. ಇದೇ ಸಿನಿಮಾನ ಅವ್ಳು ತಿಪಟೂರಲ್ಲಿ ಅಕ್ಕನ ಜೊತೆ ಫಸ್ಟ್ ಶೋ ನೋಡಿದ್ಳಂತೆ. ನಡ್ಕೊಂಡು ಮನೆಗೆ ಬರೋವಾಗ ಇಬ್ರೂ ಕೈ ಬಿಡ್ಲಿಲ್ವಂತೆ, ಹಿಂದೆ ಸೈಕಲ್ ಬೆಲ್ ಆದ್ರೂ ಜೀವ ಹೋಗ್ತಿತ್ತಂತೆ. ಅವ್ರ ಮನೇಲಿ ಆಗಷ್ಟೇ ಫೋನ್ ಹಾಕ್ಸಿದ್ರು, ಒಂದೆರಡು ಬ್ಲಾಂಕ್ ಕಾಲ್ ಬರ್ತಿತ್ತು, ಯಾರೂ ಮಾತಾಡ್ತಿರ್ಲಿಲ್ಲ. "ಸಿನಿಮಾ ನೋಡಿ ಬಂದ್ಮೇಲೆ ನಾನು ಫೋನ್ ಎತ್ತೋದೇ ಬಿಟ್ಬಿಟ್ಟೆ. ಅಪ್ಪ ನಮ್ಮನ್ನೇ ಬೈತಿದ್ರು, ನಂಬರ್ ಯಾವನಿಗೆ ಕೊಟ್ರಿ ಅಂತ" ಅಂದ್ಳು. ಅಂದು ಅವರೆಕಾಳು ತಟ್ಟೆ ಎತ್ಕೊಂಡು ಒಳಗೆ ಹೋದ್ಳು.

ನೋಡೋ, ಒಂದೇ ಸಿನಿಮಾ. ನಾವು ಗಾಂಧಿ ಕ್ಲಾಸಲ್ಲಿ ಕ..ಕ..ಕ.. ಅಂತಿದ್ವಿ, ಲೇಡೀಸ್ ಸೀಟಲ್ಲಿ ಇನ್ನೇನೋ ನಡೀತಿತ್ತು. ಜನ ಶಾರುಖ್‌ನ ಮೆಚ್ಕೊಂಡ್ರು ಅಂತ ಪತ್ರಿಕೆಯೋರು ಬರೆದಿದ್ದು, ನಾವು ಹೇಳ್ಕೊಂಡು ತಿರುಗಿದ್ದು, ಆ ಜನ ಅಂದ್ರೆ ನಾವೇ ಕಣೋ, ವಿಷಲ್ ಹೊಡೆದೋರು. ವಿಷಲ್ ಹೊಡೀದೆ ಇದ್ದೋರ ಲೆಕ್ಕ ಯಾರಿಟ್ರು?

ಇನ್ನೊಂದು ತಲೆಗೆ ಹೊಳೀತು. ಅದರ ಹೆಸರು 'ಡರ್'. ಅಂದ್ರೆ ಹೆದರಿಕೆ. ಹೆದರಿಕೆ ಯಾರದ್ದು? ಅವ್ಳದ್ದು. ಹೆಸರಾದ್ರೂ ಅವ್ಳ ಕಡೆಯದ್ದೇ ಇತ್ತು. ಅದನ್ನೇ ನಮ್ಮೋರು 2000ದಲ್ಲಿ ಕನ್ನಡಕ್ಕೆ ತಂದಾಗ ಏನು ಹೆಸರಿಟ್ರು? 'ಪ್ರೀತ್ಸೆ'. ಇದು ಯಾರ ಮಾತು? ಅವ್ನದ್ದು! ಅದೂ ಆರ್ಡರು, ಪ್ರೀತ್ಸು ಅಂತ. ಏಳು ವರ್ಷದಲ್ಲಿ ಸಿನಿಮಾ ಹುಡುಗಿ ಕೈಯಿಂದ ಹುಡುಗನ ಕೈಗೆ ಹೋಗೇಬಿಟ್ಟಿತ್ತು, ನಾವು ವಿಷಲ್ ಹೊಡೆದು ಹೊಡೆದು ಕಳ್ಸಿದ್ವಿ ಅಂತ್ಲೇ ಇಟ್ಕೋ. ಶಿವಣ್ಣ ಗಂಡ, ಸೋನಾಲಿ ಬೇಂದ್ರೆ ಕಿರಣು, ಶಾರುಖ್ ಜಾಗಕ್ಕೆ ಉಪೇಂದ್ರ. 'ಎ' ಬಂದು ಎರಡು ವರ್ಷ, 'ಉಪೇಂದ್ರ' ಬಂದು ಒಂದು ವರ್ಷ, ಉಪ್ಪಿ ಹುಚ್ಚು ನೆತ್ತಿಗೇರಿದ್ದ ಕಾಲ. ನಾವು ಹೋದ ಶೋನಲ್ಲಿ ಅರ್ಧ ಶಿವಣ್ಣ ಪಾರ್ಟಿ ಅರ್ಧ ಉಪ್ಪಿ ಪಾರ್ಟಿ, ಯಾರು ಹೊಡೆದ್ರೂ ಇನ್ನೊಂದು ಕಡೆಯಿಂದ ಕೂಗು, ಕಬಡ್ಡಿ ಮ್ಯಾಚ್ ಇದ್ದಂಗಿತ್ತು. ಹೇಮಂತ್ ಹಾಡಿದ ಆ ಪ್ರೀತ್ಸೆ ಪ್ರೀತ್ಸೆ ಹಾಡಿಗೆ ಮಾತ್ರ ಎರಡೂ ಪಾರ್ಟಿ ಎದ್ದು ಕುಣೀತು. ಹಂಸಲೇಖ ಹಾಡು, ಬಿಡು, ಕುಣೀದೆ ಇರೋಕಾಗಲ್ಲ. ನಮ್ಮ ಅಪಾರ್ಟ್‌ಮೆಂಟ್ ಗಣೇಶನ ಹಬ್ಬದಲ್ಲಿ ಹೋದ್ಸಲ ಆರ್ಕೆಸ್ಟ್ರಾದೋರು ಅದನ್ನ ಹಾಡಿದಾಗ ನಾನೂ ಕುಣಿದೆ.

ಮಗಳಿಗೆ ಆಮೇಲೆ ಒಂದು ಕೇಸಿನ ವಿಷ್ಯ ಹೇಳ್ದೆ. 2015ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ನಮ್ಮ ದೇಶದವ್ನೊಬ್ಬ ಇಬ್ರು ಹೆಂಗಸರ ಬೆನ್ನು ಬಿದ್ದು ಕೋರ್ಟಿಗೆ ಹೋದಾಗ, ಇವ್ನು ಬಾಲಿವುಡ್ ಸಿನಿಮಾ ನೋಡಿ ಬೆಳೆದೋನು, ಬಿಡದೆ ಹಿಂದೆ ಬಿದ್ರೆ ಹುಡುಗಿ ಒಪ್ತಾಳೆ ಅಂತ ನಂಬಿದಾನೆ ಅಂತ ವಕೀಲ ವಾದ ಮಾಡಿ, ಜೈಲು ತಪ್ಪಿತು. ನಮ್ಮಲ್ಲಿ ಬೆನ್ನು ಬೀಳೋದನ್ನೇ ಒಂದು ಬೇರೆ ಅಪರಾಧ ಅಂತ ಕಾನೂನಲ್ಲಿ ಬರೆದಿದ್ದೂ 2013ರಲ್ಲೇ, ದೆಹಲಿ ಬಸ್ಸಿನ ಅತ್ಯಾಚಾರದ ಘಟನೆ ಆದ್ಮೇಲೆ. ಅಂದ್ರೆ ಕಿರಣ್ ಫೋನ್ ರಿಂಗಾಗಿ ಇಪ್ಪತ್ತು ವರ್ಷಕ್ಕೆ.

ಇದನ್ನೆಲ್ಲ ದೊಡ್ಡ ಜ್ಞಾನಿ ಥರ ಹೇಳ್ತಿದ್ದೆ. ಅವ್ಳು ಕೇಳಿಸ್ಕೊಂಡು "ನಂಗೂ ಒಬ್ಬ ಇದ್ದ" ಅಂದ್ಳು. ಊಟದ ತಟ್ಟೆ ತೊಳೀತಾ, ಬೆನ್ನು ನನ್ನ ಕಡೆ ಇತ್ತು. ಇನ್‌ಸ್ಟಾದಲ್ಲಂತೆ. ಬ್ಲಾಕ್ ಮಾಡಿದ್ರೆ ಇನ್ನೊಂದು ಅಕೌಂಟು, ಅದನ್ನ ಮಾಡಿದ್ರೆ ಮತ್ತೊಂದು. ಇವತ್ತು ಹಳದಿ ಚೂಡಿ ಚೆನ್ನಾಗಿತ್ತು ಅಂತ ಮೆಸೇಜ್ ಬಂದಾಗ ಟ್ಯೂಷನ್ನೋನೇ ಯಾರೋ ಅಂತ ಗೊತ್ತಾಯ್ತಂತೆ. ಏನ್ ಮಾಡ್ದೆ ಅಂದ್ರೆ, ಸಂಜೆ ಬ್ಯಾಚ್ ಬಿಟ್ಟು ಬೆಳಿಗ್ಗೆ ಆರರ ಬ್ಯಾಚಿಗೆ ಹಾಕ್ಸ್ಕೊಂಡೆ ಅಂದ್ಳು. ಹೋದ್ವರ್ಷ ಚಳಿಗಾಲದಲ್ಲಿ ಐದಕ್ಕೇ ಎದ್ದು ಓದ್ತಾಳಲ್ಲ ನನ್ನ ಮಗಳು ಅಂತ ನಾನು ನಿಂಗೆ ಫೋನಲ್ಲಿ ಕೊಚ್ಕೊಂಡಿದ್ದೆ, ನೆನಪಿದ್ಯಾ. ಯಾಕಮ್ಮ ಹೇಳ್ಲಿಲ್ಲ ಅಂತ ಕೇಳ್ದೆ. ಹೇಳಿದ್ರೆ ಫೋನ್ ಕಿತ್ಕೊಳ್ತಿದ್ರಿ ಅಂದ್ಳು. ನಾನು ಇಲ್ಲಮ್ಮ ಅನ್ನೋಕೆ ಹೊರಟೆ, ಬಾಯಿಗೆ ಬರ್ಲಿಲ್ಲ.

ಆ ರಾತ್ರಿ ನಿದ್ದೆ ಬರ್ಲಿಲ್ಲ ಸೀನ. ಕ್ಯಾತ್ಸಂದ್ರದ ಬಸ್ಸು ನೆನಪಾಯ್ತು. ನಮ್ಮಿಬ್ರ ಮನೆನೂ ಆ ಕಡೆ ಅಲ್ಲ, ಆದ್ರೂ ದಿನಾ ಎಂಟೂವರೆ ಬಸ್ಸಿಗೆ ಎದುರು ದಿಕ್ಕಿಗೆ ಹೋಗಿ, ನೀನು ಬೆನ್ನು ಬಿದ್ದಿದ್ದ ಆ ಹುಡುಗಿ ಹತ್ತೋ ಸ್ಟಾಪಿಂದ ಕಾಲೇಜಿಗೆ ವಾಪಸ್ ಬರ್ತಿದ್ವಲ್ಲ. ನೀನು ಕೈವಾರದ ಮುಳ್ಳಲ್ಲಿ ಎಡಗೈ ಮೇಲೆ ಅವ್ಳ ಹೆಸರಿನ ಮೊದಲಕ್ಷರ ಕೊರ್ಕೊಂಡಿದ್ದೆ, ಕೀವು ಆಗಿ ಟಿಟಿ ಇಂಜೆಕ್ಷನ್ನಿಗೆ ಕರ್ಕೊಂಡು ಹೋಗಿದ್ದು ನಾನೇ. ಅವ್ಳು ಇಳಿಯೋವಾಗ ತೊದಲಿ ಹೆಸರು ಕರೆಯೋ ಡ್ಯೂಟಿನೂ ನಂದೇ, ನಿಂಗೆ ಧೈರ್ಯ ಇರ್ಲಿಲ್ಲ. ಅವ್ಳು ಏಳೂಕಾಲರ ಬಸ್ಸಿಗೆ ಹೋಗೋಕೆ ಶುರು ಮಾಡಿದ್ಳು. ನಾವೂ ಏಳೂಕಾಲಕ್ಕೆ ಹೋದ್ವಿ. ಒಂದು ವಾರ ಆದ್ಮೇಲೆ ಅವ್ಳ ಪಕ್ಕ ಅವ್ಳ ಅಜ್ಜ ಕೂತಿದ್ರು, ತೊಡೆ ಮೇಲೆ ಛತ್ರಿ ಅಡ್ಡ ಇಟ್ಕೊಂಡು. ಏನೂ ಅನ್ಲಿಲ್ಲ ಅವ್ರು. ದಿನಾ ಬಂದು ಕಾಲೇಜ್ ಗೇಟ್ ತನಕ ಬಿಟ್ಟು, ಅದೇ ಬಸ್ಸಲ್ಲಿ ವಾಪಸ್ ಹೋಗ್ತಿದ್ರು. ಎಪ್ಪತ್ತು ದಾಟಿದ ಮನುಷ್ಯ. ನಾವು ಬಿ.ಎಚ್. ರೋಡಲ್ಲಿ ಟೀ ಕುಡೀತಾ ಎಷ್ಟು ಸೊಕ್ಕು ನೋಡೋ ಅವ್ಳಿಗೆ ಅಂದ್ಕೊಂಡ್ವಿ.

ಎದ್ದು ಕೂತು ಫೇಸ್‌ಬುಕ್ಕಲ್ಲಿ ಅವ್ಳ ಹೆಸರು ಹಾಕ್ದೆ, ಸಿಕ್ಕಿದ್ರೆ ಕ್ಷಮೆ ಕೇಳೋಣ ಅಂತ. ನಾಲ್ಕಕ್ಷರ ಟೈಪ್ ಮಾಡೋಷ್ಟರಲ್ಲಿ, ಅಯ್ಯೋ ಮತ್ತೆ ಹುಡ್ಕೊಂಡೇ ಹೊರಟ್ನಲ್ಲ ಅನ್ನಿಸಿ ಅಳಿಸ್ಬಿಟ್ಟೆ.

ನಿನ್ನ ಕೈ ಮೇಲಿನ ಗುರುತು ಇನ್ನೂ ಇದ್ಯಾ? ನಿಮ್ಮನೆಯವ್ರು ಕೇಳಿದ್ರೆ ಏನಂತ ಹೇಳ್ತೀಯ? ಉಗಾದಿಗೆ ಬರ್ತೀನಿ ಅಂದಿದ್ದೆ, ಟಿಕೆಟ್ ಆಯ್ತಾ ಇಲ್ವಾ ತಿಳಿಸು. ಬಂದ್ರೆ ಸೀದಾ ನಮ್ಮನೆಗೇ ಬಾ, ಮಗಳು ನಿನ್ನ ಸ್ಟೇಟಸ್ ನೋಡಿದಾಳೆ, ಅವ್ಳಿಗೆ ನಿನ್ನ ಹತ್ರ ಏನೋ ಕೇಳ್ಬೇಕಂತೆ.

ನಿನ್ನ
ಗುರು