ಗಿಟಾರಿಗೂ ಗೌರವ, ಆದರೆ ಹೊತ್ತಿಗೆ ಸರಿಯಾಗಿ

ಮಾನ್ಯ ಸಂಪಾದಕರೇ,

ರಾಕ್ ಗಿಟಾರ್ ವಾದಕರಿಗೆ ಸರ್ಕಾರಿ ಬಿರುದು ಯಾತಕ್ಕೆ ಎನ್ನುವವರು ಬ್ರಿಟನ್ನಿನ ‘ಕ್ವೀನ್’ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅವರ ವಾದ್ಯವನ್ನೊಮ್ಮೆ ನೋಡಬೇಕು. ಹಳೆಯ ಬೆಂಕಿಗೂಡಿನ ಮರದಿಂದ ಕುತ್ತಿಗೆ, ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್‌ಗಳಿಂದ ಟ್ರೆಮೊಲೊ (ತಂತಿಯ ಬಿಗಿ ಬದಲಿಸಿ ಸ್ವರ ಏರಿಳಿಸುವ ಸಾಧನ). ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮೂರು ಪಿಕಪ್‌ಗಳಿಗೂ ಪ್ರತ್ಯೇಕ ಆನ್-ಆಫ್ ಮತ್ತು ನಾದ ಬದಲಿಸುವ ಫೇಸ್ ಸ್ವಿಚ್. ತಂದೆ-ಮಗ ಮನೆಯಲ್ಲೇ ಕಟ್ಟಿದ್ದು. ಮೀಟುವುದು ಆರು ಪೆನ್ನಿ ನಾಣ್ಯದಿಂದ! 2005ರಲ್ಲಿ ಸಿಬಿಇ ಎಂಬ ಬ್ರಿಟಿಷ್ ಗೌರವ, 2023ರಲ್ಲಿ ‘ಸರ್’ ಪದವಿ ಬಂದವು. ತಪ್ಪೇನಿಲ್ಲ.

ತೊಡಕಿರುವುದು ವಿಧಾನದಲ್ಲಿ. ಅಲ್ಲಿ ಯಾರು ಬೇಕಾದರೂ ಹೆಸರು ಸೂಚಿಸಬಹುದು, ಆದರೆ ಕನಿಷ್ಠ ಎರಡು ಬೆಂಬಲ ಪತ್ರ ಬೇಕು, ತೀರ್ಮಾನಕ್ಕೆ 12ರಿಂದ 18 ತಿಂಗಳು ಹಿಡಿಯುತ್ತದೆ, ಬದುಕಿರುವವರನ್ನಷ್ಟೇ ಸೂಚಿಸಬೇಕು. ಎಪ್ಪತ್ತೈದು ದಾಟಿದ ವಾದಕರಿಗೆ ಒಂದೂವರೆ ವರ್ಷ ಸಣ್ಣದಲ್ಲ. ಆಲ್ಬಮ್ ಮಾರಾಟದ ಲೆಕ್ಕ ಬರೆದರೆ ಅರ್ಜಿ ಸೊರಗುತ್ತದೆ. ವಾದನದಲ್ಲಿ ಏನು ಬದಲಿಸಿದರು, ಯಾರಿಗೆ ಕಲಿಸಿದರು, ಅದನ್ನು ಬರೆಯಬೇಕು.

ನಮ್ಮ ಪದ್ಮ ಪ್ರಶಸ್ತಿಗೂ ಆನ್‌ಲೈನ್‌ನಲ್ಲಿ 800 ಪದಗಳೊಳಗೆ ಸಾಧನೆ ವಿವರಿಸಿ ಯಾರೂ ಹೆಸರು ಸೂಚಿಸಬಹುದು. ನಾಗಾ ಜಾನಪದಕ್ಕೆ ಬ್ಲೂಸ್ ಎಂಬ ಅಮೆರಿಕನ್ ಸಂಗೀತ ಬೆರೆಸಿದ ಮಣಿಪುರದ ರ್‍ಯೂಬೆನ್ ಮಶಾಂಗ್ವಾ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿದೆ. ಬಾಗಿಲು ತೆರೆದೇ ಇದೆ, ಅರ್ಜಿ ಹಾಕುವವರು ಬೇಕು.

– ಸಂಗೀತಾಸಕ್ತ, ಮೈಸೂರು